ಹಳೆ 32-ಬಿಟ್ ಕಂಪ್ಯೂಟರ್‌ಗಳಿಗೆ ಸಾಫ್ಟ್‌ವೇರ್ ಬೆಂಬಲ ಮತ್ತು ಪರೀಕ್ಷೆ: ಕಾಸರಗೋಡಿನ ಲ್ಯಾಬ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

“ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡ್ತದೆ, ಶಾಲೆಯದ್ದರಲ್ಲಿ ಹಾಕಿದ ಕೂಡಲೇ ಬೀಳ್ತದೆ. ಎಂತ ಮಾಡುವುದು?” ಕನ್ನಡ ಟೈಪಿಂಗ್ ಅಭ್ಯಾಸ, ಪದಕೋಶ, ಅಂಕಪಟ್ಟಿ ಅಂತ ಸಣ್ಣ ಪ್ರೋಗ್ರಾಂ ಬರೆದು ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಶಾಲೆಗಳಿಗೂ ಗ್ರಂಥಾಲಯಗಳಿಗೂ ಹಂಚುವವರು ಕೇಳುವ ಪ್ರಶ್ನೆ ಇದೊಂದೇ. ಕೋಡ್ ಕೆಟ್ಟದ್ದು ಅಂತಲ್ಲ. ಕ್ರಮ ತಪ್ಪಿರುತ್ತದೆ. ಮೊದಲು ಬಿಲ್ಡ್ ಮಾಡಿ (ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟಿ), ಆಮೇಲೆ ಯಂತ್ರ ಯಾವುದೆಂದು ಕೇಳುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಯಾವುದನ್ನೂ ಹಾರಿಸಬೇಡಿ.

ಕಮಾಂಡ್‌ಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

## ಬೇಕಾದ ಸಾಮಾನು

ಬಿಲ್ಡ್ ಮಾಡಲು ಒಂದು 64-ಬಿಟ್ ಯಂತ್ರ. 8 ಜಿಬಿ ರ್‍ಯಾಮ್, 50 ಜಿಬಿ ಖಾಲಿ ಜಾಗ ಇದ್ದರೆ ಆರಾಮ. ಅದರಲ್ಲಿ ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವುದು), ಡೆಬೂಟ್‌ಸ್ಟ್ರಾಪ್ (ಡೆಬಿಯನ್ ಲಿನಕ್ಸನ್ನು ಒಂದು ಫೋಲ್ಡರಿಗೆ ಇಳಿಸುವುದು), ಸ್ಕ್ರೂಟ್ (ಆ ಫೋಲ್ಡರಿನ ಒಳಗೆ ಹೊಕ್ಕು ಕೆಲಸ ಮಾಡಿಸುವುದು), ಕ್ಯೂಎಂಯು (ಬೇರೆ ಯಂತ್ರವನ್ನು ಅನುಕರಿಸುವುದು) ಇರಲಿ.

ಪರೀಕ್ಷೆಗೆ ಕನಿಷ್ಠ ಒಂದು ನಿಜವಾದ ಹಳೆ ಯಂತ್ರ. ಇದ್ದವುಗಳಲ್ಲಿ ಅತ್ಯಂತ ದುರ್ಬಲವಾದದ್ದನ್ನೇ ಆರಿಸಿ. ಚೆನ್ನಾಗಿರುವುದನ್ನು ಆರಿಸುವ ಆಸೆ ಬರುತ್ತದೆ, ಬಿಡಿ.

ಜೊತೆಗೆ ಒಂದು ಸಿಆರ್2032 ಬಟನ್ ಸೆಲ್, ಎರಡು ಪೆನ್‌ಡ್ರೈವ್, ಐಸೊಪ್ರೊಪೈಲ್ ಆಲ್ಕೊಹಾಲ್, ಮೆತ್ತಗಿನ ಬ್ರಷ್, ಒಂದು ಯುಪಿಎಸ್. ಹಳೆ ಯಂತ್ರದ ಹಿಂದೆ 9 ಪಿನ್ನಿನ ಸೀರಿಯಲ್ ಪೋರ್ಟ್ ಇದ್ದರೆ ಒಂದು ನಲ್-ಮೋಡೆಮ್ ಕೇಬಲ್ ಮತ್ತು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ತೆಗೆದಿಡಿ. ಅದರ ಉಪಯೋಗ ಹಂತ 5ರಲ್ಲಿ ಬರುತ್ತದೆ.

## ಹಂತ 1: ಯಂತ್ರಗಳ ಪಟ್ಟಿ ಮಾಡಿ

ಪ್ರತಿ ಯಂತ್ರದಲ್ಲೂ ಪ್ರೊಸೆಸರಿನ ವಿವರ ಕೊಡುವ ಲಿನಕ್ಸ್ ಕಮಾಂಡ್ ‘ಎಲ್‌ಎಸ್‌ಸಿಪಿಯು’ ಓಡಿಸಿ, ಉತ್ತರವನ್ನು ಫೈಲಿಗೆ ಉಳಿಸಿ. ಅದರ ಫ್ಲ್ಯಾಗ್ ಸಾಲಿನಲ್ಲಿ ಮೂರು ಗುರುತು ಹುಡುಕಬೇಕು.

‘ಎಲ್‌ಎಂ’ ಇದ್ದರೆ ಪ್ರೊಸೆಸರ್ 64-ಬಿಟ್ ಓಡಿಸಬಲ್ಲದು. ಈಗ ಅದರಲ್ಲಿ 32-ಬಿಟ್ ಲಿನಕ್ಸ್ ಹಾಕಿದ್ದರೂ ಸರಿಯೇ. ಕೋರ್ 2 ಡ್ಯುಯೊ ಯಂತ್ರಗಳನ್ನು 32-ಬಿಟ್ ಅಂತ ತಿಳಿದು ವರ್ಷಗಟ್ಟಲೆ ಹಾಗೇ ಇಟ್ಟುಕೊಂಡವರು ಎಷ್ಟೋ ಜನ. ಇಂಥವುಗಳಿಗೆ 2 ಜಿಬಿ ರ್‍ಯಾಮ್ ಇದ್ದರೆ 64-ಬಿಟ್ ಲಿನಕ್ಸ್ ಹಾಕಿ, ಪಟ್ಟಿಯಿಂದ ತೆಗೆದುಬಿಡಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

‘ಎಸ್‌ಎಸ್‌ಇ2’ (ದಶಮಾಂಶ ಲೆಕ್ಕದಂಥವಕ್ಕೆ ಪ್ರೊಸೆಸರಿನಲ್ಲಿರುವ ಸೂಚನೆಗಳ ಗುಂಪು) ಇದೆಯಾ ನೋಡಿ. ಪೆಂಟಿಯಮ್ 4ರಿಂದ ಮುಂದಿನವುಗಳಲ್ಲಿ ಇರುತ್ತದೆ. ಪೆಂಟಿಯಮ್ 3ರಲ್ಲಿ ಇಲ್ಲ. ಎಎಂಡಿಯ ಅಥ್ಲಾನ್ ಎಕ್ಸ್‌ಪಿಯಲ್ಲೂ ಇಲ್ಲ, ಅಥ್ಲಾನ್ 64ರಲ್ಲಿ ಇದೆ. ಮುಂದೆ ಬರುವ ಎಲ್ಲ ತೀರ್ಮಾನಗಳೂ ಈ ಒಂದು ಗುರುತಿನ ಮೇಲೆ ನಿಂತಿವೆ.

‘ಪಿಎಇ’ (32-ಬಿಟ್‌ನಲ್ಲೂ 4 ಜಿಬಿ ಮೀರಿದ ರ್‍ಯಾಮ್ ಬಳಸುವ ಸೌಲಭ್ಯ) ಮೂರನೆಯದು. ಮೊದಮೊದಲ ಪೆಂಟಿಯಮ್ ಎಂ ಲ್ಯಾಪ್‌ಟಾಪ್‌ಗಳಲ್ಲಿ ಇದು ಕಾಣುವುದಿಲ್ಲ. ಅವಕ್ಕೆ ‘686-ಪಿಎಇ’ ಕರ್ನಲ್ (ಲಿನಕ್ಸ್‌ನ ತಿರುಳು) ಬೇಡ, ಬರೇ ‘686’ ಕರ್ನಲ್ ಹಾಕಿ.

ರ್‍ಯಾಸ್ಪ್‌ಬೆರಿ ಪೈ (ಎಆರ್‌ಎಂ ಪ್ರೊಸೆಸರಿನ ಪುಟ್ಟ ಕಂಪ್ಯೂಟರ್) ಇದ್ದರೆ ಅದನ್ನೂ ಬರೆದುಕೊಳ್ಳಿ. ಮೊದಲ ಪೈ ಮತ್ತು ಪೈ ಜೀರೊ ಎಆರ್‌ಎಂವಿ6. ಡೆಬಿಯನ್‌ನ ‘ಎಆರ್‌ಎಂಎಚ್‌ಎಫ್’ ಕೇಳುವುದು ಎಆರ್‌ಎಂವಿ7. ರ್‍ಯಾಸ್ಪ್‌ಬೆರಿ ಪೈ ಓಎಸ್ ಕೂಡ ‘ಎಆರ್‌ಎಂಎಚ್‌ಎಫ್’ ಅನ್ನುವ ಹೆಸರನ್ನೇ ಬಳಸುತ್ತದೆ, ಆದರೆ ಅದು ಎಆರ್‌ಎಂವಿ6ಕ್ಕೂ ಹೊಂದುತ್ತದೆ. ಹೆಸರು ಒಂದೇ ಅಂತ ಡೆಬಿಯನ್‌ನ ಪ್ಯಾಕೇಜನ್ನು ಈ ಎಆರ್‌ಎಂವಿ6 ಪೈಗಳಿಗೆ ಹಾಕಿದರೆ ಬೀಳುತ್ತದೆ.

## ಹಂತ 2: ಕನಿಷ್ಠ ಮಟ್ಟ ಯಾವುದೆಂದು ಬರೆದಿಡಿ

“ಹಳೆ ಕಂಪ್ಯೂಟರ್‌ನಲ್ಲೂ ಓಡುತ್ತದೆ” ಎಂದು ಬರೆದರೆ ಏನೂ ಬರೆದ ಹಾಗಲ್ಲ. ಪ್ರೊಸೆಸರ್, ಓಎಸ್, ರ್‍ಯಾಮ್ ಮೂರನ್ನೂ ಹೆಸರಿಸಿ. “ಐ686, ಎಸ್‌ಎಸ್‌ಇ2 ಬೇಕಿಲ್ಲ, ಡೆಬಿಯನ್ 12, 512 ಎಂಬಿ” ಎಂಬುದು ಒಂದು ಮಟ್ಟ (ಐ686 ಅಂದರೆ ಪೆಂಟಿಯಮ್ ಪ್ರೊ ಕಾಲದಿಂದ ಈಚಿನ 32-ಬಿಟ್ ಪ್ರೊಸೆಸರ್‌ಗಳ ವರ್ಗ). “ಪೆಂಟಿಯಮ್ 4ರಿಂದ ಮೇಲೆ, 1 ಜಿಬಿ” ಎಂಬುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ಸಾಕು. ಪಟ್ಟಿಯಲ್ಲಿ ಪೆಂಟಿಯಮ್ 3 ಇದ್ದು, ಅದನ್ನು ಮಕ್ಕಳು ನಿಜವಾಗಿ ಬಳಸುತ್ತಿದ್ದರೆ ಮಾತ್ರ ಮೊದಲನೆಯದರ ಗೋಜಿಗೆ ಹೋಗಿ.

ಓಎಸ್ ಆರಿಸುವಾಗ ಹೀಗೆ ನೋಡಿ. 32-ಬಿಟ್ ಪ್ಯಾಕೇಜ್‌ಗಳು ಪೂರ್ತಿಯಾಗಿ ಸಿಗುತ್ತಿದ್ದ ಉಬುಂಟುವಿನ ಕೊನೆಯ ಎಲ್‌ಟಿಎಸ್ (ದೀರ್ಘ ಬೆಂಬಲದ ಆವೃತ್ತಿ) 18.04. ಅದರ ಸಾಮಾನ್ಯ ಬೆಂಬಲ 2023ರಲ್ಲಿ ಮುಗಿದಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರೂ ಇಲ್ಲ, ಕರ್ನಲೂ ಇಲ್ಲ. ಇರುವ ‘ಐ386’ (ಡೆಬಿಯನ್ 32-ಬಿಟ್ ಪಿಸಿಗೆ ಇಟ್ಟ ಹೆಸರು) ಪ್ಯಾಕೇಜ್‌ಗಳು 64-ಬಿಟ್ ಪ್ರೊಸೆಸರ್ ಮೇಲೆ ಹಳೆ ಪ್ರೋಗ್ರಾಂ ಓಡಿಸಲು ಮಾತ್ರ, ಅವಕ್ಕೂ ಎಸ್‌ಎಸ್‌ಇ2 ಬೇಕು. ಹಾಗಾಗಿ ಅಸಲಿ 32-ಬಿಟ್ ಯಂತ್ರಕ್ಕೆ ಡೆಬಿಯನ್ 12 ಹಾಕಿ. ಅದರಲ್ಲೂ ಐ686 ಕನಿಷ್ಠ. ಎಎಂಡಿ ಜಿಯೋಡ್‌ನಂಥ ಐ586 (ಐ686ಕ್ಕಿಂತ ಹಿಂದಿನ ವರ್ಗ) ಯಂತ್ರಗಳಿಗೆ ಡೆಬಿಯನ್ 11 ಕೊನೆಯದು.

ಪ್ರೋಗ್ರಾಂ ಬರೆಯುವ ಭಾಷೆಯೂ ಇಲ್ಲೇ ತೀರ್ಮಾನ ಆಗಬೇಕು. ರಸ್ಟ್ ಭಾಷೆಯ ಮಾಮೂಲಿ ‘ಐ686’ ಟಾರ್ಗೆಟ್ ಹೆಸರಿಗೆ ಐ686, ಒಳಗೆ ಪೆಂಟಿಯಮ್ 4 ಕೇಳುತ್ತದೆ. ಗೋ ಭಾಷೆ 1.16ರಿಂದ ಎಸ್‌ಎಸ್‌ಇ2 ಕೇಳುತ್ತದೆ, ಇಲ್ಲವಾದರೆ ದಶಮಾಂಶ ಲೆಕ್ಕವನ್ನು ಸಾಫ್ಟ್‌ವೇರಿನಲ್ಲೇ ಮಾಡುವ ನಿಧಾನದ ಸಾಫ್ಟ್‌ಫ್ಲೋಟ್ ಆಯ್ಕೆ ಕೊಡಬೇಕು. ಎಸ್‌ಎಸ್‌ಇ2 ಇಲ್ಲದ ಯಂತ್ರಕ್ಕೆ ಸಿ, ಸಿ++, ಪೈಥಾನ್ ಸುರಕ್ಷಿತ.

## ಹಂತ 3: ಯಂತ್ರವನ್ನೇ ಮೊದಲು ಪರೀಕ್ಷಿಸಿ

ಇದನ್ನು ಹಾರಿಸಿದವರು ಇಲ್ಲದ ಬಗ್ ಹುಡುಕುತ್ತಾ ವಾರ ಕಳೆಯುತ್ತಾರೆ. ಕೆಟ್ಟ ರ್‍ಯಾಮ್ ಕೊಡುವ ತೊಂದರೆಗೂ ಕೆಟ್ಟ ಕೋಡ್ ಕೊಡುವ ತೊಂದರೆಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ.

ಯಂತ್ರ ತೆರೆಯುವ ಕೆಲಸವನ್ನು ಏಪ್ರಿಲ್-ಮೇ ರಜೆಯಲ್ಲಿ ಮಾಡಿ. ಪತ್ತನಾಜೆ (ಮೇ ಕೊನೆಯ ವಾರ) ಕಳೆದು ಮಳೆ ಹಿಡಿದ ಮೇಲೆ ಲ್ಯಾಬಿನ ಒಳಗೆಲ್ಲ ತೇವ. ಆಗ ಒರೆಸಿದ್ದು ಒಣಗುವುದಿಲ್ಲ. ಮಂಜೇಶ್ವರ, ಉಪ್ಪಳದಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ರ್‍ಯಾಮ್‌ನ ಹಲ್ಲುಗಳು ಮಂಕಾಗಿರುತ್ತವೆ. ಆಲ್ಕೊಹಾಲ್ ಹಾಕಿ ಒರೆಸಿ, ಒಣಗಿಸಿ, ಮತ್ತೆ ಕೂರಿಸಿ. ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ನೋಡಿ. ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಆ ಯಂತ್ರ ಪರೀಕ್ಷೆಗೆ ಬೇಡ.

ಬಟನ್ ಸೆಲ್ ಬದಲಿಸಿ. ಸುಮ್ನೆ ಹೇಳುತ್ತಿಲ್ಲ. ಸೆಲ್ ಸತ್ತರೆ ಗಡಿಯಾರ ಹಳೆ ವರ್ಷಕ್ಕೆ ಹೋಗುತ್ತದೆ. ಆಗ ವೆಬ್‌ಸೈಟಿನ ಪ್ರಮಾಣಪತ್ರ ತಪ್ಪು ಅನ್ನುತ್ತದೆ, ‘ಆಪ್ಟ್’ ರಿಲೀಸ್ ಫೈಲಿಗೆ ಇನ್ನೂ ಸಮಯ ಬಂದಿಲ್ಲ ಅನ್ನುತ್ತದೆ, ‘ಮೇಕ್’ ಮಾಡಿದ ಕೆಲಸವನ್ನೇ ಮತ್ತೆ ಮಾಡುತ್ತದೆ. ಒಂದು ಸೆಲ್‌ನಿಂದ ಮೂರು ಬೇರೆ ಬೇರೆ ರೋಗ. ಮೂರಕ್ಕೂ ಜನ ಇಂಟರ್‌ನೆಟ್ಟನ್ನೇ ಬೈಯುತ್ತಾರೆ.

ಆಮೇಲೆ ಮೆಮ್‌ಟೆಸ್ಟ್86+ ಹಾಕಿ ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಆ ರ್‍ಯಾಮ್ ಕಡ್ಡಿ ತೆಗೆಯಿರಿ. ಹಾರ್ಡ್ ಡಿಸ್ಕಿಗೆ ‘ಸ್ಮಾರ್ಟ್‌ಸಿಟಿಎಲ್’ನ ಲಾಂಗ್ ಟೆಸ್ಟ್ ಮಾಡಿ. ರೀಅಲೊಕೇಟೆಡ್ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಹೋಗುವ ದಾರಿಯಲ್ಲಿದೆ.

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು-ಮಿಂಚಿನ ಸಂಜೆಗಳಲ್ಲಿ ಉದ್ದದ ಪರೀಕ್ಷೆ ಇಟ್ಟುಕೊಳ್ಳಬೇಡಿ. ಯುಪಿಎಸ್ ಕರೆಂಟ್ ಹೋದದ್ದನ್ನು ತಾಳುತ್ತದೆ, ಸಿಡಿಲನ್ನಲ್ಲ. ನೆಟ್‌ವರ್ಕ್ ಕೇಬಲ್ ಕೂಡ ಕಿತ್ತಿಡಬೇಕು, ಅದನ್ನು ಮರೆಯುವವರೇ ಜಾಸ್ತಿ.

## ಹಂತ 4: ಬಿಲ್ಡ್ ಪರಿಸರ ಕಟ್ಟಿ

ಹೊಸ ಯಂತ್ರದ ಜಿಸಿಸಿ ಕಂಪೈಲರಿಗೆ ‘-ಎಂ32’ ಕೊಟ್ಟು “32-ಬಿಟ್ ಬಿಲ್ಡ್ ರೆಡಿ” ಅನ್ನುವುದು ಎಲ್ಲರೂ ಮಾಡುವ ತಪ್ಪು. ಕೋಡ್ ಕಂಪೈಲ್ ಆಗುತ್ತದಾ ಎಂದು ಬೇಗ ನೋಡಲು ಅದು ಸಾಕು. ಹಂಚಲು ಸಾಲದು. ಹಾಗೆ ಬಂದ ಬೈನರಿ ಹೊಸ ಯಂತ್ರದ ಲೈಬ್ರರಿಗಳಿಗೆ ಅಂಟಿಕೊಂಡಿರುತ್ತದೆ.

ಸರಿಯಾದ ದಾರಿ ಹೀಗೆ. ಡೆಬೂಟ್‌ಸ್ಟ್ರಾಪ್‌ನಿಂದ ‘ಐ386’ ಆರ್ಕಿಟೆಕ್ಚರಿನ ಡೆಬಿಯನ್ 12ನ್ನು ಒಂದು ಫೋಲ್ಡರಿಗೆ ಇಳಿಸಿ. ಅದನ್ನು ಸ್ಕ್ರೂಟ್‌ಗೆ ಸೇರಿಸಿ, ‘ಪರ್ಸನಾಲಿಟಿ’ ಸಾಲಿನಲ್ಲಿ ‘ಲಿನಕ್ಸ್32’ ಕೊಡಿ. ಈ ಸಾಲು ಬಿಟ್ಟರೆ ಒಳಗೆ ‘ಯುನೇಮ್’ ಕೇಳಿದಾಗ ಯಂತ್ರ 64-ಬಿಟ್ ಎಂದೇ ಉತ್ತರ ಬರುತ್ತದೆ. ಕಾನ್ಫಿಗರ್ ಸ್ಕ್ರಿಪ್ಟ್ ಅದನ್ನು ನಂಬಿ ತಪ್ಪು ದಾರಿ ಹಿಡಿಯುತ್ತದೆ. ಆಮೇಲೆ ಎಲ್ಲ ಬಿಲ್ಡ್‌ಗಳೂ ಇದರ ಒಳಗೇ.

ಕಂಪೈಲರ್ ಆಯ್ಕೆಗಳಲ್ಲಿ ‘-ಮಾರ್ಚ್=ನೇಟಿವ್’ (ಬಿಲ್ಡ್ ಮಾಡುವ ಯಂತ್ರಕ್ಕೇ ಹೊಂದಿಸುವ ಆಯ್ಕೆ) ಎಲ್ಲೂ ಇರಬಾರದು. ನಿಮ್ಮ ಮೇಕ್‌ಫೈಲಿನಲ್ಲಿ ಇಲ್ಲದಿದ್ದರೂ ಬೇರೆಯವರ ಲೈಬ್ರರಿ ಒಳಗೆ ಅಡಗಿರಬಹುದು. ಇಡೀ ಮೂಲ ಕೋಡಿನಲ್ಲಿ ‘ಗ್ರೆಪ್’ ಮಾಡಿ ಹುಡುಕಿ. ಎಸ್‌ಎಸ್‌ಇ2 ಬೇಡ ಅಂತ ಹಂತ 2ರಲ್ಲಿ ಬರೆದಿದ್ದರೆ, ಬಿಲ್ಡ್ ಆದ ಮೇಲೆ ‘ಆಬ್ಜ್‌ಡಂಪ್’ (ಬೈನರಿಯ ಒಳಗಿನ ಸೂಚನೆಗಳನ್ನು ತೋರಿಸುವ ಕಮಾಂಡ್) ಹಾಕಿ, ಎಸ್‌ಎಸ್‌ಇ ಸೂಚನೆಗಳು ಬಳಸುವ ‘ಎಕ್ಸ್‌ಎಂಎಂ’ ರಿಜಿಸ್ಟರ್ ಕಾಣುತ್ತದಾ ನೋಡಿ. ಕಂಡರೆ ಸಂಶಯಪಡಬೇಕು. ಓಡುವಾಗ ಪ್ರೊಸೆಸರ್ ನೋಡಿ ದಾರಿ ಆರಿಸುವ ಲೈಬ್ರರಿಗಳಲ್ಲಿ ಮಾತ್ರ ಅದು ಸಹಜ.

ಲ್ಯಾಬಿನಲ್ಲಿ ಬೇರೆ ಬೇರೆ ಕಾಲದ ಲಿನಕ್ಸ್ ಇದ್ದರೆ ಅತ್ಯಂತ ಹಳೆಯದರ ಮೇಲೆ ಬಿಲ್ಡ್ ಮಾಡಿ. ಕೇರಳದ ಶಾಲೆಗಳಿಗೆ ಕೈಟ್ (ಶಾಲಾ ತಂತ್ರಜ್ಞಾನದ ಸರ್ಕಾರಿ ಸಂಸ್ಥೆ) ಕೊಡುವ ಗ್ನು/ಲಿನಕ್ಸ್ ಉಬುಂಟು ಆಧಾರಿತ, ಹಾಗಾಗಿ ಯಾವ ಉಬುಂಟು ಮೇಲೆ ನಿಂತ ಆವೃತ್ತಿ ಎಂದು ಮೊದಲು ನೋಡಿ. ಉಬುಂಟು 22.04ರಲ್ಲಿ ಕಟ್ಟಿದ್ದನ್ನು 18.04ಕ್ಕೆ ಹಾಕಿದರೆ “ಜಿಲಿಬ್‌ಸಿ 2.34 ನಾಟ್ ಫೌಂಡ್” (ಬೇಕಾದ ಸಿ ಲೈಬ್ರರಿಯ ಆವೃತ್ತಿ ಇಲ್ಲ) ಎಂದು ನಿಲ್ಲುತ್ತದೆ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಸಾಮಾನ್ಯವಾಗಿ ಓಡುತ್ತದೆ. ತಿರುಗಾ ಮುರುಗಾ ಮಾಡಿದರೆ ಆಗುವುದಿಲ್ಲ.

ಬೇಕಾದ ಪ್ಯಾಕೇಜ್‌ಗಳ ಪ್ರತಿಯನ್ನು ಒಂದು ಹೊರಗಿನ ಡಿಸ್ಕಿಗೆ ಈಗಲೇ ಇಳಿಸಿಡಿ. ಹಳೆ ಡೆಬಿಯನ್ ಆವೃತ್ತಿಗಳು ಮಾಮೂಲಿ ಮಿರರ್‌ಗಳಿಂದ ಕಾಲಕ್ರಮೇಣ ಹೋಗುತ್ತವೆ. ಡೆಬಿಯನ್‌ನ ಆರ್ಕೈವ್ ಮತ್ತು ಸ್ನ್ಯಾಪ್‌ಶಾಟ್ ಸರ್ವರ್‌ಗಳಲ್ಲಿ ಸಿಗುತ್ತವೆ ನಿಜ, ಆದರೆ ಅಡೂರಿನ ಶಾಲೆಯಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸುವ ಗ್ರಹಚಾರ ಬೇಡ ಅಲ್ವಾ.

## ಹಂತ 5: ಮೂರು ಸುತ್ತಿನ ಪರೀಕ್ಷೆ

ಮೊದಲ ಸುತ್ತು ಸ್ಕ್ರೂಟ್ ಒಳಗೆ. ಬೇಗ ಆಗುತ್ತದೆ. ಪ್ರತಿ ಗಿಟ್ ಕಮಿಟ್‌ಗೂ (ದಾಖಲಿಸಿದ ಬದಲಾವಣೆಗೂ) ಇದು ಓಡಲಿ. ಪಾಯಿಂಟರ್ ಅಳತೆ, ಫೈಲ್ ಫಾರ್ಮ್ಯಾಟ್ ತಪ್ಪುಗಳೆಲ್ಲ ಇಲ್ಲೇ ಸಿಗುತ್ತವೆ. ಆದರೆ ಪ್ರೊಸೆಸರ್ ಹೊಸದೇ ಆದ್ದರಿಂದ ಎಸ್‌ಎಸ್‌ಇ2 ತಪ್ಪು ಸಿಗುವುದಿಲ್ಲ.

ಎರಡನೆಯದು ಕ್ಯೂಎಂಯು. ‘-ಸಿಪಿಯು’ ಆಯ್ಕೆಗೆ ಪೆಂಟಿಯಮ್3 ಕೊಡಿ, ಆಟಮ್ ನೆಟ್‌ಬುಕ್ ಇದ್ದರೆ ಎನ್270 ಕೊಡಿ. ಇಲ್ಲಿ ಒಂದು ಹೊಂಡ ಉಂಟು: ಕೆವಿಎಂ ಆನ್ ಮಾಡಬೇಡಿ. ಕೆವಿಎಂ ಇದ್ದರೆ ಸೂಚನೆಗಳು ನೇರವಾಗಿ ನಿಮ್ಮ ಹೊಸ ಪ್ರೊಸೆಸರ್ ಮೇಲೇ ಓಡುತ್ತವೆ. ಒಳಗಿನ ಲಿನಕ್ಸ್‌ಗೆ ಎಸ್‌ಎಸ್‌ಇ2 ಇಲ್ಲ ಎಂದು ಹೇಳಿರುತ್ತದೆ, ಆದರೆ ಎಸ್‌ಎಸ್‌ಇ2 ಸೂಚನೆ ಬಂದರೆ ಸದ್ದಿಲ್ಲದೆ ಓಡಿಸಿಬಿಡುತ್ತದೆ. ಪರೀಕ್ಷೆ ಪಾಸ್, ಶಾಲೆಯಲ್ಲಿ ಫೇಲ್. ನಿಧಾನವಾದರೂ ಟಿಸಿಜಿಯಲ್ಲೇ (ಕ್ಯೂಎಂಯು ತಾನೇ ಸೂಚನೆಗಳನ್ನು ಅನುವಾದಿಸುವ ವಿಧಾನ) ಓಡಿಸಿ. ಹಳೆ ಕ್ಯೂಎಂಯು ಈ ವಿಷಯದಲ್ಲಿ ಸಡಿಲ, ಆದ್ದರಿಂದ ಹೊಸ ಆವೃತ್ತಿಯನ್ನೇ ಬಳಸಿ. ಟಿಸಿಜಿ ನಿಧಾನ ಆದ್ದರಿಂದ ಕೆಲವು ಪರೀಕ್ಷೆಗಳು ಸಮಯ ಮೀರಿ ಬೀಳುತ್ತವೆ. ಟೈಮ್‌ಔಟ್ ಜಾಸ್ತಿ ಮಾಡಿ, ಪರೀಕ್ಷೆಯನ್ನು ತೆಗೆಯಬೇಡಿ.

ಮೂರನೆಯದು ನಿಜವಾದ ಯಂತ್ರ. ಬಿಡುಗಡೆಗೆ ಮೊದಲು ಒಮ್ಮೆ ಇದು ಆಗಲೇಬೇಕು. ಬಿಲ್ಡ್ ಮಾತ್ರ ಅದರಲ್ಲಿ ಮಾಡಬೇಡಿ. 512 ಎಂಬಿ ರ್‍ಯಾಮ್‌ನಲ್ಲಿ ದೊಡ್ಡ ಸಿ++ ಪ್ರೋಗ್ರಾಂ ಲಿಂಕ್ ಮಾಡಲು ಹೋದರೆ ಕರ್ನಲ್ ಅದನ್ನು ನಡುವೆಯೇ ಕೊಲ್ಲುತ್ತದೆ. ಕಟ್ಟಿದ್ದನ್ನು ಪೆನ್‌ಡ್ರೈವ್‌ನಲ್ಲಿ ತಂದು ಪರೀಕ್ಷೆ ಮಾತ್ರ ಓಡಿಸಿ.

ಯಂತ್ರ ಪೂರ್ತಿ ಹೆಪ್ಪುಗಟ್ಟಿ ನಿಂತರೆ ಸ್ಕ್ರೀನ್ ಏನೂ ಹೇಳುವುದಿಲ್ಲ. ಆಗ ಸೀರಿಯಲ್ ಕೇಬಲ್ ಬೇಕು. ಕರ್ನಲ್ ಸಾಲಿಗೆ ‘ಕನ್ಸೋಲ್=ಟಿಟಿವೈಎಸ್0,115200’ ಸೇರಿಸಿ, ಇನ್ನೊಂದು ಬದಿಯ ಲ್ಯಾಪ್‌ಟಾಪಿನಲ್ಲಿ ಬರುವುದನ್ನೆಲ್ಲ ಫೈಲಿಗೆ ಹಿಡಿಯಿರಿ. ಸಾಯುವ ಮೊದಲಿನ ಕೊನೆಯ ಸಾಲುಗಳು ಅಲ್ಲಿ ಸಿಗುತ್ತವೆ.

## ಹಂತ 6: ಬಿದ್ದ ಪರೀಕ್ಷೆಯನ್ನು ಓದುವುದು

“ಇಲ್ಲೀಗಲ್ ಇನ್‌ಸ್ಟ್ರಕ್ಷನ್”. ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ನಲ್ಲಿ “ಇನ್‌ವ್ಯಾಲಿಡ್ ಆಪ್‌ಕೋಡ್” ಎಂಬ ಸಾಲು ಕಂಡರೆ ಯಂತ್ರಕ್ಕೆ ಗೊತ್ತಿಲ್ಲದ ಸೂಚನೆ ಬಂದಿದೆ. ಆ ಸಾಲಿನಲ್ಲೇ ಯಾವ ಫೈಲ್ ಎಂದು ಇರುತ್ತದೆ. ನಿಮ್ಮ ಪ್ರೋಗ್ರಾಮೋ ಲೈಬ್ರರಿಯೋ ನೋಡಿ, ಹಂತ 4ಕ್ಕೆ ಹಿಂದೆ ಹೋಗಿ.

ಕನ್ನಡ ಬಂದಾಗ ಮಾತ್ರ ಬೀಳುವುದು. ನಮ್ಮವರಿಗೆ ಹೆಚ್ಚು ಕಾಡುವುದು ಇದು. ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್. ಮೊದಲ ಬೈಟಿನ ಬೆಲೆ 224, ಎರಡನೆಯದು 178 ಅಥವಾ 179. ಸಿ ಭಾಷೆಯ ‘ಚಾರ್’ ಇಂಟೆಲ್ ಯಂತ್ರಗಳಲ್ಲಿ ಋಣ ಸಂಖ್ಯೆಯನ್ನೂ ಹಿಡಿಯುತ್ತದೆ, ಹಾಗಾಗಿ 224 ಅಲ್ಲಿ -32 ಆಗುತ್ತದೆ. ಎಆರ್‌ಎಂ ಮತ್ತು ಪವರ್‌ಪಿಸಿ ಲಿನಕ್ಸ್‌ನಲ್ಲಿ 224 ಆಗಿಯೇ ಉಳಿಯುತ್ತದೆ. 256 ಮನೆಗಳ ಟೇಬಲ್‌ಗೆ ಅದನ್ನೇ ಇಂಡೆಕ್ಸ್ ಮಾಡಿದರೆ ರ್‍ಯಾಸ್ಪ್‌ಬೆರಿ ಪೈಯಲ್ಲಿ ಸರಿ, ಪೆಂಟಿಯಮ್‌ನಲ್ಲಿ ಟೇಬಲ್‌ನ ಹಿಂದಿನ ಮೆಮೊರಿಗೆ ಕೈ ಹಾಕುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲ 128ರ ಒಳಗೆ, ಆದ್ದರಿಂದ ಇಂಗ್ಲಿಷ್ ಪರೀಕ್ಷೆ ಎಂದೂ ಬೀಳುವುದಿಲ್ಲ. ಬೈಟ್‌ಗಳಿಗೆ ಎಲ್ಲ ಕಡೆ ‘ಅನ್‌ಸೈನ್ಡ್ ಚಾರ್’ ಬಳಸಿ. ‘-ಎಫ್‌ಸೈನ್ಡ್-ಚಾರ್’, ‘-ಎಫ್‌ಅನ್‌ಸೈನ್ಡ್-ಚಾರ್’ ಎರಡರಲ್ಲೂ ಒಮ್ಮೊಮ್ಮೆ ಬಿಲ್ಡ್ ಮಾಡಿ ಪರೀಕ್ಷೆ ಓಡಿಸಿ. ಉತ್ತರ ಬೇರೆ ಬಂದರೆ ತಪ್ಪು ನಿಮ್ಮ ಕೋಡಿನಲ್ಲೇ ಉಂಟು.

ಫೈಲ್ ಓದುವಾಗ ಕಸ ಬರುವುದು. ಲಿನಕ್ಸ್‌ನಲ್ಲಿ ‘ಲಾಂಗ್’ 32-ಬಿಟ್‌ನಲ್ಲಿ 4 ಬೈಟ್, 64-ಬಿಟ್‌ನಲ್ಲಿ 8. ಸ್ಟ್ರಕ್ಚರ್ ಒಳಗಿನ ‘ಡಬಲ್’ ಕೂಡ ಒಂದರಲ್ಲಿ 4ರ ಗಡಿಗೆ, ಇನ್ನೊಂದರಲ್ಲಿ 8ರ ಗಡಿಗೆ ಕೂರುತ್ತದೆ. ಸ್ಟ್ರಕ್ಚರನ್ನು ಹಾಗೇ ಫೈಲಿಗೆ ಸುರಿದ ಪದಕೋಶದ ಸೂಚಿ ಇನ್ನೊಂದು ಕಡೆ ತೆರೆಯದಿರಲು ಕಾರಣ ಇದು. ಅಳತೆ ಗಟ್ಟಿಯಾದ ಟೈಪ್‌ಗಳನ್ನು ಬಳಸಿ, ಒಂದೊಂದೇ ಮೌಲ್ಯವನ್ನು ಬರೆಯಿರಿ, ಬೈಟ್‌ಗಳ ಕ್ರಮವನ್ನೂ ನಿಗದಿ ಮಾಡಿ. ಹಳೆ ಪವರ್‌ಪಿಸಿ ಮ್ಯಾಕ್ ಇದ್ದವರಿಗೆ ಈ ಕೊನೆಯದು ಕಡ್ಡಾಯ, ಅಲ್ಲಿ ದೊಡ್ಡ ಬೈಟ್ ಮೊದಲು ಬರುತ್ತದೆ.

ದಶಮಾಂಶ ಲೆಕ್ಕ ಕೂದಲೆಳೆಯಷ್ಟು ತಪ್ಪುವುದು. ಹಳೆ ಇಂಟೆಲ್‌ನ ಎಕ್ಸ್87 ಘಟಕ ಒಳಗೆ 80-ಬಿಟ್‌ನಲ್ಲಿ ಲೆಕ್ಕ ಮಾಡುತ್ತದೆ, 64-ಬಿಟ್ ಬಿಲ್ಡ್‌ನಲ್ಲಿ ಎಸ್‌ಎಸ್‌ಇ2 64-ಬಿಟ್‌ನಲ್ಲೇ ಮಾಡುತ್ತದೆ. ಹಾಗಾಗಿ ಸರಾಸರಿ ಅಂಕ ಎರಡರಲ್ಲೂ ಒಂದೇ ಎಂದು ‘ಸಮ’ ಚಿಹ್ನೆ ಹಾಕಿ ಹೋಲಿಸಿದರೆ ಪರೀಕ್ಷೆ ಬೀಳುತ್ತದೆ. ಸಣ್ಣ ಅಂತರ ಒಪ್ಪುವ ಹಾಗೆ ಹೋಲಿಸಿ. ಅಂಕ, ದುಡ್ಡಿನಂಥ ಲೆಕ್ಕಕ್ಕೆ ಪೂರ್ಣಾಂಕಗಳೇ ಒಳ್ಳೆಯದು. ಕನಿಷ್ಠ ಮಟ್ಟ ಪೆಂಟಿಯಮ್ 4 ಆಗಿದ್ದರೆ ‘-ಎಂಎಸ್‌ಎಸ್‌ಇ2’ ಜೊತೆ ‘-ಎಂಎಫ್‌ಪಿಮ್ಯಾತ್=ಎಸ್‌ಎಸ್‌ಇ’ ಕೊಡಿ, ತಲೆನೋವು ಹೋಗುತ್ತದೆ.

ದೊಡ್ಡ ಫೈಲ್, ದೂರದ ದಿನಾಂಕ. 32-ಬಿಟ್ ಲಿನಕ್ಸ್‌ನಲ್ಲಿ 64-ಬಿಟ್ ಫೈಲ್ ಅಳತೆಯ ಮ್ಯಾಕ್ರೊ ಕೊಡದಿದ್ದರೆ 2 ಜಿಬಿ ದಾಟಿದ ಫೈಲ್ ತೆರೆಯುವುದಿಲ್ಲ. ಸಮಯದ ಲೆಕ್ಕವೂ 32-ಬಿಟ್ ಆಗಿದ್ದರೆ 2038ರ ಜನವರಿ 19ರ ಬೆಳಗ್ಗೆ, ನಮ್ಮ ಗಡಿಯಾರದಲ್ಲಿ 8:44 ಕಳೆಯುತ್ತಿದ್ದಂತೆ, ಅದು 1901ಕ್ಕೆ ಜಿಗಿಯುತ್ತದೆ. ಮಕ್ಕಳ ದಾಖಲೆಯಲ್ಲಿ ಮುಂದಿನ ದಿನಾಂಕ ಹಾಕುವ ಪ್ರೋಗ್ರಾಂ ಇವತ್ತೇ ಎಡವಬಹುದು. ಜಿಲಿಬ್‌ಸಿ 2.34ರಿಂದ 64-ಬಿಟ್ ಸಮಯದ ಮ್ಯಾಕ್ರೊ ಉಂಟು, ಡೆಬಿಯನ್ 12ರಲ್ಲಿ ಸಿಗುತ್ತದೆ. ಫೈಲ್ ಅಳತೆಯ ಮ್ಯಾಕ್ರೊವನ್ನೂ ಜೊತೆಗೆ ಕೊಡಬೇಕು, ಸಮಯದ್ದೊಂದನ್ನೇ ಕೊಟ್ಟರೆ ಕಂಪೈಲ್ ಆಗುವುದಿಲ್ಲ.

ಯಾವಾಗಿನಿಂದ ಬೀಳುತ್ತಿದೆ ಎಂದು ಗೊತ್ತಾಗದಿದ್ದರೆ ‘ಗಿಟ್ ಬೈಸೆಕ್ಟ್’ (ತಪ್ಪು ತಂದ ಕಮಿಟನ್ನು ಅರ್ಧರ್ಧ ಮಾಡಿ ಹುಡುಕುವುದು) ಮಾಡಿ. ಸ್ಕ್ರೂಟ್ ಸುತ್ತಿನಲ್ಲಿ ಸಿಗುವ ತಪ್ಪಾದರೆ ಇದನ್ನು ಸ್ಕ್ರಿಪ್ಟ್‌ಗೆ ಒಪ್ಪಿಸಿ ಚಾ ಕುಡಿದು ಬರಬಹುದು.

## ಹಂತ 7: ಕನ್ನಡದ ಪರೀಕ್ಷೆ

ಪರೀಕ್ಷೆಯ ಪಠ್ಯದಲ್ಲಿ ಒತ್ತಕ್ಷರ, ಅರ್ಕಾವೊತ್ತು, ‘ರ್‍ಯ’ ಮೂರೂ ಇರಲಿ. ಹಾರ್ಫ್‌ಬಜ್ (ಅಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಲೈಬ್ರರಿ) ಇಲ್ಲದ ಹಳೆ ಟೂಲ್‌ಕಿಟ್‌ಗಳು ಇಲ್ಲೇ ಸಿಕ್ಕಿಬೀಳುತ್ತವೆ. ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು ಡೆಬಿಯನ್‌ನಲ್ಲೇ ಇವೆ. ಯಾವುದರಲ್ಲಿ ಪರೀಕ್ಷಿಸಿದ್ದೀರಿ ಎಂದು ಬರೆದಿಡಿ.

ಲೊಕೇಲ್ (ಯಂತ್ರದ ಭಾಷೆಯ ಹೊಂದಿಕೆ) ಮರೆಯಬೇಡಿ. ಇಲ್ಲಿನ ಲ್ಯಾಬ್‌ಗಳಲ್ಲಿ ಯಂತ್ರ ಮಲಯಾಳಂ ಲೊಕೇಲ್‌ನಲ್ಲೂ ಇರಬಹುದು. ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಪ್ರೋಗ್ರಾಂ ತೆರೆದು, ಕನ್ನಡ ಹೆಸರಿನ ಫೈಲೊಂದನ್ನು ಉಳಿಸಿ, ಮತ್ತೆ ತೆರೆಯಿರಿ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ತಂದು “ನಿಮ್ಮ ಪ್ರೋಗ್ರಾಂ ಕಸ ತೋರಿಸುತ್ತದೆ” ಎನ್ನುವವರು ಬರುತ್ತಾರೆ. ಅದು ಯುನಿಕೋಡ್ ಅಲ್ಲ. ಮೊದಲು ಪರಿವರ್ತಿಸಿ ಕೊಡಿ.

## ಹಂತ 8: ಹಂಚುವುದು

ಹಿಂದಿನ ಆವೃತ್ತಿಯನ್ನು ಅಳಿಸದೆ ಹೊಸದನ್ನು ಬೇರೆ ಫೋಲ್ಡರಿಗೆ ಹಾಕಿ. ಕೈಕೊಟ್ಟರೆ ಮೇಷ್ಟ್ರೇ ಹಿಂದಿನದಕ್ಕೆ ಮರಳುವಂತಿರಬೇಕು. ಪೆನ್‌ಡ್ರೈವ್‌ನಿಂದ ನಕಲು ಮಾಡಿದ ಮೇಲೆ ಶಾ256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. ಹಳೆ ಯುಎಸ್‌ಬಿ ಪೋರ್ಟ್‌ಗಳನ್ನು ನಂಬುವಂತಿಲ್ಲ. ಮೊದಲ ವಾರ ಒಂದೇ ಯಂತ್ರಕ್ಕೆ ಹಾಕಿ, ಉಳಿದವು ಆಮೇಲೆ.

## ಬೆಂಬಲ ನಿಲ್ಲಿಸಬೇಕಾದ ಸೂಚನೆಗಳು

ಮೊದಲ ಹಂತದ ಪಟ್ಟಿಯನ್ನೂ ಎರಡನೇ ಹಂತದ ಮಟ್ಟವನ್ನೂ ವರ್ಷಕ್ಕೊಮ್ಮೆ ತೆರೆದು ನೋಡಿ. ನಿಮ್ಮ ಯಾವ ಯಂತ್ರಕ್ಕೂ ಬೇಕಿಲ್ಲದ ಮಟ್ಟಕ್ಕೆ ಬೆಂಬಲ ಕೊಡುತ್ತಿದ್ದರೆ ಬಿಟ್ಟುಬಿಡಿ. ಬಳಸುವ ಲೈಬ್ರರಿಯ ಮೂಲದವರೇ 32-ಬಿಟ್ ಪರೀಕ್ಷೆ ನಿಲ್ಲಿಸಿದರೆ, ಅಲ್ಲಿಂದ ಮುಂದೆ ಪ್ರತಿ ತಪ್ಪೂ ನಿಮ್ಮ ತಲೆಗೆ. ಪರೀಕ್ಷೆಗೆ ಇಟ್ಟ ಕೊನೆಯ ಅಸಲಿ ಯಂತ್ರ ಸತ್ತು, ಬದಲಿ ಸಿಗದಿದ್ದರೆ “ಕ್ಯೂಎಂಯುನಲ್ಲಿ ಮಾತ್ರ ಪರೀಕ್ಷಿಸಿದೆ” ಎಂದು ಬಿಡುಗಡೆ ಟಿಪ್ಪಣಿಯಲ್ಲೇ ಬರೆಯಿರಿ.

ಬ್ರೌಸರ್ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕ್ರೋಮ್ 32-ಬಿಟ್ ಲಿನಕ್ಸನ್ನು 2016ರಲ್ಲೇ ಬಿಟ್ಟಿತು. ಮೊಜಿಲ್ಲಾ 32-ಬಿಟ್ ಲಿನಕ್ಸ್‌ಗೆ ಕೊಟ್ಟ ಮಾಮೂಲಿ ಫೈರ್‌ಫಾಕ್ಸ್ 144ಕ್ಕೆ ನಿಂತಿದೆ, ಇಎಸ್‌ಆರ್ (ದೀರ್ಘ ಬೆಂಬಲದ ಆವೃತ್ತಿ) 140 ಅದಕ್ಕಿಂತ ಸ್ವಲ್ಪ ದೂರ ಬರುತ್ತದೆ ಅಷ್ಟೆ. ಭದ್ರತೆಯ ಅಪ್‌ಡೇಟ್ ಬರುವುದು ನಿಂತ ದಿನ ಆ ಯಂತ್ರದ ನೆಟ್‌ವರ್ಕ್ ಕೇಬಲ್ ತೆಗೆಯಿರಿ, ವೈಫೈ ಪಾಸ್‌ವರ್ಡ್ ಅಳಿಸಿ. ಟೈಪಿಂಗ್ ಅಭ್ಯಾಸಕ್ಕೂ ಪದಕೋಶಕ್ಕೂ ನೆಟ್ ಬೇಕಿಲ್ಲ. ಕೊನೆಯ ಬಿಲ್ಡ್, ಅದರ ಮೂಲ ಕೋಡ್, ಸ್ಕ್ರೂಟ್ ಫೋಲ್ಡರಿನ ಟಾರ್ ಫೈಲ್, ಇಳಿಸಿಟ್ಟ ಪ್ಯಾಕೇಜ್‌ಗಳು ಇಷ್ಟನ್ನೂ ಒಂದೇ ಡಿಸ್ಕಿಗೆ ಹಾಕಿ, ಮೇಲೆ ದಿನಾಂಕ ಬರೆದು ಎರಡು ಪ್ರತಿ ಮಾಡಿ. ಒಂದು ಶಾಲೆಯಲ್ಲಿ, ಒಂದು ನಿಮ್ಮ ಮನೆಯಲ್ಲಿ ಇರಲಿ.